ಹಳೆಯ ಅಲ್ಯೂಮಿನಿಯಂ ದೋಣಿಗೆ ನೀರು ಎಲ್ಲಿಂದ ಬರುತ್ತಿದೆ? ದೋಷ ಪತ್ತೆ ಮತ್ತು ರಿಪೇರಿ

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆಯ ಸರೋವರದ ಊರುಗಳಲ್ಲಿ ಚಳಿ ಕಳೆಯುತ್ತಿದ್ದಂತೆ 12 ಅಡಿ, 14 ಅಡಿಯ ಹಳೆಯ ಅಲ್ಯೂಮಿನಿಯಂ ಮೀನುದೋಣಿಗಳು ಮನೆಗಳ ಮುಂದೆ ಮಾರಾಟಕ್ಕೆ ಬಂದು ನಿಲ್ಲುತ್ತವೆ. ಹೆಚ್ಚಿನವು ರಿವೆಟ್ (ತಗಡುಗಳ ತೂತಿನಲ್ಲಿ ತೂರಿಸಿ ತುದಿ ಬಡಿದು ಬಿಗಿಯುವ ಲೋಹದ ಮೊಳೆ) ಹೊಡೆದು ಕಟ್ಟಿದವು. ಮಾರುವವರನ್ನು ಕೇಳಿದರೆ, ಸ್ವಲ್ಪ ನೀರು ಬರುತ್ತದೆ ಅಷ್ಟೆ ಅನ್ನುತ್ತಾರೆ. ಆ ಸ್ವಲ್ಪ ನೀರು ಡ್ರೈನ್ ಪ್ಲಗ್‌ನ (ಒಳಗಿನ ನೀರು ಹೊರಬಿಡುವ ತೂತಿನ ಬಿರಡೆ) ಒಣಗಿದ ರಬ್ಬರಿನಿಂದ ಬರುತ್ತಿರಬಹುದು, ಹತ್ತು ನಿಮಿಷದಲ್ಲಿ ಸರಿಯಾಗುತ್ತದೆ. ತಳದ ಉದ್ದಕ್ಕೂ ಸಡಿಲಾದ ರಿವೆಟ್ ಸಾಲಿನಿಂದ ಬರುತ್ತಿರಬಹುದು, ಅದಕ್ಕೆ ಇಬ್ಬರು ಒಂದು ದಿನ ಕೂರಬೇಕು. ಟ್ರಾನ್ಸಮ್ (ಎಂಜಿನ್ ತೂಗುವ, ಒಳಗೆ ಮರದ ಆಸರೆ ಇರುವ ಹಿಂಬದಿ ಗೋಡೆ) ಕೊಳೆತಿದ್ದರೆ ಕೆಲಸ ವಾರಗಟ್ಟಲೆ ಎಳೆಯುತ್ತದೆ. ಅಲ್ಲಿರುವ ಕನ್ನಡಿಗರಲ್ಲಿ ಯಾರಾದರೂ ಇಂಥ ದೋಣಿಯ ಮೇಲೆ ಕಣ್ಣಿಟ್ಟಿದ್ದರೆ, ಅಥವಾ ಆಗಲೇ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದರೆ, ಈ ಬರಹ ಅವರಿಗಾಗಿ.

ಇಡೀ ಕೆಲಸದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಸೋರುವ ಜಾಗ ಗೊತ್ತಾಗುವ ತನಕ ಯಾವ ಅಂಟಿನ ಟ್ಯೂಬನ್ನೂ ತೆರೆಯಬೇಡಿ. ಹಳೆಯ ದೋಣಿಗಳನ್ನು ಹಾಳು ಮಾಡಿರುವುದರಲ್ಲಿ ಬಂಡೆಗಳ ಪಾಲಿಗಿಂತ ಸಿಲಿಕೋನ್ ಪಾಲು ಹೆಚ್ಚು ಎಂದರೂ ತಪ್ಪಿಲ್ಲ. ಹುಳಿ ವಾಸನೆಯ ಸಾಮಾನ್ಯ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಅದರ ಮೇಲೆ ಬಣ್ಣವಾಗಲಿ ಬೇರೆ ಸೀಲಂಟಾಗಲಿ (ಸಂದಿ ಮುಚ್ಚುವ ಅಂಟು) ಕೂರುವುದಿಲ್ಲ. ಕೆರೆದು ತೆಗೆದರೂ ಎಣ್ಣೆಯಂಥ ಪದರ ಉಳಿದುಬಿಡುತ್ತದೆ. ನಿಮಗಿಂತ ಹಿಂದಿನ ಮಾಲೀಕರು ಅದನ್ನು ಮೆತ್ತಿದ್ದರೆ ಮೊದಲು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಸಿಲಿಕೋನ್ ತೆಗೆಯುವ ದ್ರಾವಣ ಹಚ್ಚಿ ಉಜ್ಜಿ, ಆಮೇಲೆಯೇ ಪರೀಕ್ಷೆಗೆ ಇಳಿಯಿರಿ. ಇಲ್ಲದಿದ್ದರೆ ಮೆತ್ತಿದ ಜಾಗವೇ ಸೋರುವ ಜಾಗವೆಂದು ಮೋಸ ಹೋಗುತ್ತೀರಿ.

ಲೋಹ ಯಾವುದು, ದೋಣಿ ಯಾವ ಕಾಲದ್ದು

ಈ ದೋಣಿಗಳ ತಗಡು ಸಾಮಾನ್ಯವಾಗಿ 5052 ಎಂಬ ಮಿಶ್ರಲೋಹ. ಅದರಲ್ಲಿ ಶೇ. 2.5ರಷ್ಟು ಮೆಗ್ನೀಷಿಯಂ ಇರುತ್ತದೆ, ತಾಮ್ರ ಹೆಚ್ಚುಕಡಿಮೆ ಇರುವುದೇ ಇಲ್ಲ. ನೀರಿನಲ್ಲಿ ಬಾಳುವ ಗುಣ ಬಂದಿರುವುದು ಅಲ್ಲಿಂದ. ದಪ್ಪ ಮಾಮೂಲಾಗಿ 0.063ರಿಂದ 0.080 ಇಂಚು, ಅಂದರೆ 1.6ರಿಂದ 2 ಮಿಲಿಮೀಟರ್. ಈ ತಗಡಿಗೆ ಗಟ್ಟಿತನ ಬರುವುದು ತಣ್ಣಗೆ ಉರುಳಿಸಿ ಒತ್ತುವುದರಿಂದ. ಜೋರಾಗಿ ಕಾಯಿಸಿದರೆ ಆ ಗಟ್ಟಿತನ ಹೋಗುತ್ತದೆ, ಮತ್ತೆ ಬರುವುದಿಲ್ಲ. ವೆಲ್ಡಿಂಗ್ ವಿಷಯಕ್ಕೆ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

1972ರ ನವೆಂಬರ್ ನಂತರ ಅಮೆರಿಕದಲ್ಲಿ ತಯಾರಾದ ದೋಣಿಯಾದರೆ ಟ್ರಾನ್ಸಮ್‌ನ ಬಲಗಡೆ ಮೇಲ್ಭಾಗದಲ್ಲಿ 12 ಅಕ್ಷರ ಮತ್ತು ಅಂಕೆಗಳ ಗುರುತು ಸಂಖ್ಯೆ ಕೊರೆದಿರುತ್ತದೆ. ಒಳಗಡೆ ಎಷ್ಟು ಜನ, ಎಷ್ಟು ತೂಕ, ಎಷ್ಟು ಎಚ್‌ಪಿ ಎಂದು ಹೇಳುವ ಫಲಕವೂ ಇರುತ್ತದೆ. ಎರಡರ ಫೋಟೋವನ್ನೂ ತೆಗೆದುಕೊಳ್ಳಿ. ಬಣ್ಣ ಕೀಳುವಾಗ ಇವನ್ನು ಉಜ್ಜಿ ಅಳಿಸಬೇಡಿ. ನೋಂದಣಿಗೆ ಆ ಸಂಖ್ಯೆ ಬೇಕು. ಫಲಕದ ಅಂಕೆ ಮೀರಿದ ಎಂಜಿನ್ ಹಿಂದೆ ತೂಗಾಡುತ್ತಿದ್ದರೆ ಟ್ರಾನ್ಸಮ್ ಮೇಲೆ ಆಗಲೇ ಅನುಮಾನ ಇಟ್ಟುಕೊಳ್ಳಿ.

ಇದು ಸೋರಿಕೆಯೇ ಹೌದೇ

ದೋಣಿಯೊಳಗೆ ನೀರು ಕಂಡಿದ್ದಕ್ಕೆಲ್ಲ ತೂತೇ ಕಾರಣವಾಗಬೇಕಿಲ್ಲ. ಮಳೆ ನೀರು ಸೀಟಿನ ಕೆಳಗಿನ ಫೋಮ್‌ನಲ್ಲಿ ಇಂಗಿ ಕೂತು ದಿನಗಟ್ಟಲೆ ಒಸರುತ್ತದೆ. ದೋಣಿಯನ್ನು ಮೂತಿ ಮೇಲೆ ಮಾಡಿ, ಪ್ಲಗ್ ತೆಗೆದು, ನೆಲಹಾಸು ಕಿತ್ತು, ಎರಡು ದಿನ ಬಿಸಿಲಿಗೆ ಬಿಡಿ. ನೆಲದಲ್ಲೇ ನಿಂತಿದ್ದರೂ ಹಿಂಬದಿಗೆ ಮತ್ತೆ ಮತ್ತೆ ನೀರು ಬಂದು ಸೇರುತ್ತಿದ್ದರೆ ಅದು ಫೋಮ್‌ನ ನೀರು.

ಆಮೇಲೆ ಒಳಮೈಯನ್ನು ಬಟ್ಟೆಯಿಂದ ಪೂರಾ ಒರೆಸಿ ಒಣಗಿಸಿ. ಪ್ರತಿ ಜಾಯಿಂಟ್, ಪ್ರತಿ ರಿವೆಟ್ ಸಾಲಿನ ಪಕ್ಕ ಸೀಮೆಸುಣ್ಣದಿಂದ ಉದ್ದಕ್ಕೆ ಗೆರೆ ಎಳೆಯಿರಿ. ದಡದ ಹತ್ತಿರ ಎಂಜಿನ್ ಹಾಕದೆ ನೀರಿಗೆ ಇಳಿಸಿ, ಹಗ್ಗ ಕಟ್ಟಿ, ಅರ್ಧ ಗಂಟೆ ಸುಮ್ಮನೆ ಬಿಡಿ. ನೀರು ಎಲ್ಲಿಂದ ಒಳಬಂತೋ ಅಲ್ಲಿ ಸುಣ್ಣದ ಗೆರೆ ಕದಡಿರುತ್ತದೆ. ಕೆಳಗೆ ಹರಿದ ದಾರಿಯೂ ಕಾಣುತ್ತದೆ. ಇಷ್ಟು ಸರಳವಾದ ಪರೀಕ್ಷೆಯನ್ನು ಬಹಳ ಜನ ಮಾಡುವುದೇ ಇಲ್ಲ. ನೀರು ತಳದ ಇಳಿಜಾರಿನಲ್ಲಿ ಅಡ್ಡಪಟ್ಟಿಗಳನ್ನು ಬಳಸಿಕೊಂಡು ಹಿಂಬದಿಗೆ ಹರಿಯುವುದರಿಂದ, ನೀರು ನಿಂತ ಜಾಗ ನೋಡಿ ಟ್ರಾನ್ಸಮ್ ಮೂಲೆಗೆ ಅಂಟು ಹಚ್ಚುತ್ತಾರೆ. ತೂತು ನಾಲ್ಕಡಿ ಮುಂದೆ ಇರುತ್ತದೆ.

ಬಂದ ನೀರನ್ನು ಮಗ್ಗಿನಿಂದ ಅಳೆಯಿರಿ. ನೀರಿನ ಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿರುವ 3 ಮಿಲಿಮೀಟರ್ ತೂತು ಗಂಟೆಗೆ ಸುಮಾರು 25 ಲೀಟರ್ ನೀರು ಬಿಡುತ್ತದೆ. ಅದೇ ಆಳದಲ್ಲಿ ಒಂದು ರಿವೆಟ್ ಪೂರ್ತಿ ಉದುರಿ 4.8 ಮಿಲಿಮೀಟರ್ ತೂತಾಗಿದ್ದರೆ ನಿಮಿಷಕ್ಕೆ ಒಂದು ಲೀಟರ್ ದಾಟುತ್ತದೆ. ಪ್ಲಗ್ ಹಾಕದ ಒಂದಿಂಚಿನ ಡ್ರೈನ್ ತೂತಿನಿಂದ ನಿಮಿಷಕ್ಕೆ 30 ಲೀಟರ್ ನುಗ್ಗುತ್ತದೆ. ಆದ್ದರಿಂದ ಅರ್ಧ ಗಂಟೆಯಲ್ಲಿ ಒಂದು ಲೋಟ ನೀರು ಬಂದರೆ ಹುಡುಕಬೇಕಾದದ್ದು ಒಸರುವ ರಿವೆಟ್ ಅಥವಾ ಜಾಯಿಂಟ್. ಬಕೆಟ್‌ಗಟ್ಟಲೆ ಬಂದರೆ ತೂತು, ಬಿರುಕು ಅಥವಾ ಪ್ಲಗ್ಗನ್ನು ಹುಡುಕಿ.

ನಿಂತ ನೀರಿನಲ್ಲಿ ಒಂದು ಹನಿಯೂ ಬರದೆ, ಓಡಿಸಿದಾಗ ಮಾತ್ರ ಬಂದರೆ ಅರ್ಥ ಬೇರೆ. ಅಲೆಗೆ ತಳ ಬಾಗಿದಾಗ ಬಾಯಿ ಬಿಡುವ ಬಿರುಕು ಇರಬಹುದು, ಅಲುಗಾಡುವ ರಿವೆಟ್ ಇರಬಹುದು. ಭಾರ ಹೆಚ್ಚಿದಾಗ ಅಥವಾ ರಿವರ್ಸ್ ಹಾಕಿದಾಗ ಮಾತ್ರ ಬಂದರೆ, ಮಾಮೂಲಿ ನೀರಿನ ಮಟ್ಟಕ್ಕಿಂತ ಮೇಲಿರುವ ತೂತುಗಳನ್ನು ನೋಡಿ: ಟ್ರಾನ್ಸಮ್‌ನ ಎಂಜಿನ್ ಬೋಲ್ಟ್‌ಗಳು, ಹಿಂದೆಂದೋ ಕಿತ್ತ ಫಿಶ್ ಫೈಂಡರ್‌ನ (ಮೀನು ಪತ್ತೆ ಮಾಡುವ ಉಪಕರಣ) ಸ್ಕ್ರೂ ತೂತುಗಳು, ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಹೊರಕೊಳವೆ.

ನೀರು ತುಂಬಿ ನೋಡುವುದು

ಜಾಗವನ್ನು ಖಚಿತ ಮಾಡಲು ಟ್ರೈಲರ್ ಮೇಲೆಯೇ ದೋಣಿಯೊಳಗೆ ನೀರು ಬಿಟ್ಟು ಹೊರಗಿನಿಂದ ನೋಡುತ್ತಾರೆ. ಪದ್ಧತಿ ಒಳ್ಳೆಯದು, ಆದರೆ ತೂಕದ ಲೆಕ್ಕ ಮರೆಯಬಾರದು. 14 ಅಡಿ ಉದ್ದ, 3 ಅಡಿ ಅಗಲದ ಚಪ್ಪಟೆ ತಳಕ್ಕೆ 4 ಇಂಚು ನೀರು ಬಿಟ್ಟರೆ ಸುಮಾರು 400 ಕಿಲೋ ಆಗುತ್ತದೆ. ತೇಲುವಾಗ ತಳದ ಉದ್ದಕ್ಕೂ ನೀರಿನ ಆಸರೆ ಇರುತ್ತದೆ. ಟ್ರೈಲರ್ ಮೇಲಾದರೆ ಎರಡು ಹಲಗೆಗಳ ಮೇಲಷ್ಟೇ ಭಾರ. ಹೆಚ್ಚು ನೀರು ತುಂಬಿ ಚೆನ್ನಾಗಿದ್ದ ರಿವೆಟ್‌ಗಳನ್ನೂ ಸಡಿಲ ಮಾಡಿಕೊಳ್ಳುವುದು ಇಲ್ಲೇ. ಎರಡು ಇಂಚು ಸಾಕು. ಮೊದಲು ಮೂತಿ ಎತ್ತಿ ಹಿಂಭಾಗ ನೋಡಿ, ಆಮೇಲೆ ಮೂತಿ ಇಳಿಸಿ ಮುಂಭಾಗ ನೋಡಿ. ಟ್ರಾನ್ಸಮ್ ಕೆಳಗೆ ಮರದ ದಿಮ್ಮಿಯ ಆಸರೆ ಕೊಡಿ.

ನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಸಣ್ಣ ಸಂದಿಯಿಂದಲೂ ಬೇಗ ಹೊರಗಿಳಿಯುತ್ತದೆ. ಹೊರಮೈ ಒಣಗಿರಬೇಕು. ಕೆಳಗೆ ಮಲಗಿ ಟಾರ್ಚ್ ಹಿಡಿದು, ತೇವ ಕಂಡ ರಿವೆಟ್‌ಗೆಲ್ಲ ಮೇಣದ ಕ್ರೇಯಾನ್‌ನಿಂದ ಸುತ್ತು ಹಾಕಿ. ಮಾರ್ಕರ್ ಪೆನ್ನು ಒದ್ದೆ ಲೋಹದ ಮೇಲೆ ಹಿಡಿಯುವುದಿಲ್ಲ. ಬರೀ ತೇವವಾದರೆ ಒಂದು ಗೆರೆ, ತೊಟ್ಟಿಕ್ಕಿದರೆ ಎರಡು, ಹರಿದರೆ ಮೂರು ಎಂದು ಗುರುತು ಮಾಡಿದರೆ ಆಮೇಲೆ ಯಾವುದನ್ನು ಬಡಿಯುವುದು, ಯಾವುದನ್ನು ಬದಲಿಸುವುದು ಎಂದು ನಿರ್ಧರಿಸಲು ಸುಲಭ. ಒಬ್ಬರು ಕೆಳಗೆ ನೋಡುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಒಳಗೆ ಕೈ ಚಾಚಿ, ಅಡ್ಡಪಟ್ಟಿಗಳ ನಡುವೆ ತಳವನ್ನು ಮರದ ಕೋಲಿನಿಂದ ಒತ್ತಿ ಒತ್ತಿ ಬಿಡಲಿ. ಓಡುವಾಗ ಮಾತ್ರ ಸೋರುವ ಜಾಗಗಳು ಆಗ ಬಾಯಿ ಬಿಡುತ್ತವೆ.

ರಿವೆಟ್

ಸೋರಿಕೆಯ ಬಹುಪಾಲು ಇಲ್ಲಿಯೇ. ವರ್ಷಗಟ್ಟಲೆ ಅಲೆಗೆ ತಳ ಮೇಲೆ ಕೆಳಗೆ ಬಾಗಿ ರಿವೆಟ್‌ನ ಹಿಡಿತ ಸಡಿಲವಾಗುತ್ತದೆ. ತೂತು ನಿಧಾನಕ್ಕೆ ಅಗಲವಾಗುತ್ತದೆ. ಸಡಿಲ ರಿವೆಟ್‌ನ ತಲೆಯ ಸುತ್ತ ಕಪ್ಪು ಉಂಗುರ ಅಥವಾ ಹಿಂದಕ್ಕೆ ಎಳೆದ ಕಪ್ಪು ಗೆರೆ ಕಾಣುತ್ತದೆ. ತಗಡಿಗೂ ರಿವೆಟ್‌ಗೂ ತಿಕ್ಕಾಟವಾಗಿ ಬಂದ ಆಕ್ಸೈಡ್ ಪುಡಿ ಅದು. ಒಬ್ಬರು ಒಳಗಿನ ತಲೆಯ ಮೇಲೆ ಬೆರಳಿಟ್ಟು, ಇನ್ನೊಬ್ಬರು ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಸಡಿಲವಾದದ್ದು ಬೆರಳಿಗೆ ಗೊತ್ತಾಗುತ್ತದೆ.

ತೇವ ಮಾತ್ರ ಇರುವ ರಿವೆಟ್‌ಗೆ ಮತ್ತೆ ಬಿಗಿ ಕೊಡುವುದೇ ಮೊದಲ ಮದ್ದು. ಒಬ್ಬರು ಹೊರಗಿನ, ಕಾರ್ಖಾನೆಯಲ್ಲೇ ಮಾಡಿ ಬಂದ ದುಂಡು ತಲೆಗೆ ಸುಮಾರು 2 ಕಿಲೋ ತೂಕದ ಉಕ್ಕಿನ ಗಟ್ಟಿಯನ್ನು, ಅಂದರೆ ಬಕಿಂಗ್ ಬಾರ್ ಅನ್ನು, ಬಲವಾಗಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಒಳಗಿನ ಚಪ್ಪಟೆ ತಲೆಯನ್ನು ಸುತ್ತಿಗೆಯಿಂದ ಮೂರು ನಾಲ್ಕು ಏಟು ಹೊಡೆಯಬೇಕು. ಗಟ್ಟಿ ಹಿಡಿದ ಬಾರ್ ಮೇಲೆ ಏಟು ಬಿದ್ದರೆ ಸದ್ದು ಗಡುಸಾಗಿರುತ್ತದೆ. ಬಾರ್ ಜಾರಿದ್ದರೆ ಸದ್ದು ಟೊಳ್ಳು, ತಗಡು ಒಳಗೆ ತಗ್ಗಾಗುತ್ತದೆ. ಹೆಚ್ಚು ಬಡಿಯಬೇಡಿ. ರಿವೆಟ್ ಬಡಿದಷ್ಟೂ ಗಡುಸಾಗಿ ಬಿರುಕು ಬಿಡುತ್ತದೆ. ಎರಡು ಸಲ ಬಿಗಿದ ಮೇಲೂ ತೊಟ್ಟಿಕ್ಕಿದರೆ ತೆಗೆದು ಹೊಸದು ಹಾಕಿ.

ತೆಗೆಯುವುದಕ್ಕೆ ಹೊರಗಿನ ದುಂಡು ತಲೆಯ ನಟ್ಟನಡುವೆ ಸೆಂಟರ್ ಪಂಚ್ ಹಾಕಿ, ರಿವೆಟ್ ಕಾಂಡಕ್ಕಿಂತ ಒಂದು ಅಳತೆ ಚಿಕ್ಕ ಬಿಟ್‌ನಿಂದ ತಲೆಯ ಆಳದಷ್ಟೇ ಕೊರೆಯಿರಿ. ತಲೆಯನ್ನು ಉಳಿಯಿಂದ ತಟ್ಟಿ ಹಾರಿಸಿ, ಕಾಂಡವನ್ನು ಪಿನ್ ಪಂಚ್‌ನಿಂದ ಒಳಕ್ಕೆ ತಳ್ಳಿ. ಕೊರೆಯುವಾಗ ಬಿಟ್ ಓರೆಯಾದರೆ ತೂತು ಮೊಟ್ಟೆಯಾಕಾರವಾಗುತ್ತದೆ, ಅಂಥ ತೂತಿನಲ್ಲಿ ಅದೇ ಅಳತೆಯ ರಿವೆಟ್ ಎಂದೂ ನೀರು ನಿಲ್ಲಿಸುವುದಿಲ್ಲ.

ಸಾಮಾನ್ಯ ಅಳತೆ 3/16 ಇಂಚು, ಅಂದರೆ 4.8 ಮಿಲಿಮೀಟರ್. ಅದಕ್ಕೆ 11ನೇ ನಂಬರಿನ ಬಿಟ್, 0.191 ಇಂಚು. ಉದ್ದದ ಲೆಕ್ಕ ಹೀಗೆ: ಜೋಡಿಸುವ ತಗಡುಗಳ ಒಟ್ಟು ದಪ್ಪ, ಅದಕ್ಕೆ ರಿವೆಟ್ ವ್ಯಾಸದ ಒಂದೂವರೆ ಪಟ್ಟು ಸೇರಿಸಿ. 1.6 ಮಿಲಿಮೀಟರ್‌ನ ಎರಡು ತಗಡಿಗೆ 3.2ಕ್ಕೆ 7.2 ಕೂಡಿಸಿದರೆ 10.4, ಅಂಗಡಿಯಲ್ಲಿ ಸಿಗುವ 7/16 ಇಂಚು ಹತ್ತಿರದ ಅಳತೆ. ಅಡ್ಡಪಟ್ಟಿಯೂ ಸೇರುವ ಜಾಗದಲ್ಲಿ ಅದರ ದಪ್ಪ ಸೇರಿಸಿ ಬೇರೆ ಉದ್ದ ತರಬೇಕು. ಬಡಿದು ಮುಗಿದ ತಲೆ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಇರಬೇಕು; ಇಲ್ಲಿ 7.2 ಮತ್ತು 2.4 ಮಿಲಿಮೀಟರ್. ಅದಕ್ಕಿಂತ ತೆಳ್ಳಗೆ ಹಪ್ಪಳವಾಗಿದ್ದರೆ ಅತಿಯಾಗಿ ಬಡಿದಿದ್ದೀರಿ. ತೂತು ಅಗಲವಾಗಿದ್ದರೆ 1/4 ಇಂಚಿನ ರಿವೆಟ್‌ಗೆ ಏರಿಸಿ. ರಿವೆಟ್ ಹಾಕುವ ಮುನ್ನ ತೂತಿನ ಎರಡೂ ಅಂಚಿನ ಸಿಬಿರು ತೆಗೆದು, ತೂತಿಗೂ ತಲೆಯ ಕೆಳಗೂ ಪಾಲಿಯುರೆಥೇನ್ ಸೀಲಂಟ್ ತೆಳುವಾಗಿ ಹಚ್ಚಿ.

ಒಂದೇ ಕಡೆಯಿಂದ ಗನ್‌ನಲ್ಲಿ ಕಡ್ಡಿ ಎಳೆದು ಬಿಗಿಯುವ ಟೊಳ್ಳು ರಿವೆಟ್, ಅಂದರೆ ಪಾಪ್ ರಿವೆಟ್ ಹಾಕಬಹುದೇ? ಎರಡು ಕಡೆಯಿಂದಲೂ ಕೈ ಹೋಗುವ ಜಾಗದಲ್ಲಿ ಬೇಡ. ಗಟ್ಟಿ ರಿವೆಟ್ ಬಡಿದಾಗ ಉಬ್ಬಿ ತೂತನ್ನು ಪೂರ್ತಿ ತುಂಬಿಕೊಳ್ಳುತ್ತದೆ. ಪಾಪ್ ರಿವೆಟ್ ಹಾಗೆ ತುಂಬುವುದಿಲ್ಲ, ಸಾಮಾನ್ಯದ್ದರ ನಡುವೆಯೇ ನೀರು ಹೋಗುವ ತೂತು ಉಳಿಯುತ್ತದೆ. ಸೀಟಿನ ಪೆಟ್ಟಿಗೆಯ ಕೆಳಗೆ, ಟ್ರಾನ್ಸಮ್ ಮೂಲೆಯಲ್ಲಿ ಬೇರೆ ದಾರಿ ಇಲ್ಲದಿದ್ದರೆ ತುದಿ ಮುಚ್ಚಿದ ಬಗೆಯದನ್ನೇ ತನ್ನಿ. ಒಳಗಿನ ಕಡ್ಡಿಯೂ ಅಲ್ಯೂಮಿನಿಯಂ ಆಗಿರಬೇಕು. ಉಕ್ಕಿನ ಕಡ್ಡಿ ತುಕ್ಕು ಹಿಡಿದು ಸುತ್ತಲ ಲೋಹವನ್ನೂ ಕೆಡಿಸುತ್ತದೆ.

ಜಾಯಿಂಟ್‌ನ ಉದ್ದಕ್ಕೂ ಒಸರಿದರೆ

ರಿವೆಟ್ ಬಿಗಿಯಿದ್ದೂ ಎರಡು ತಗಡು ಒಂದರ ಮೇಲೊಂದು ಕೂತಿರುವ ಗೆರೆಯಿಂದ ನೀರು ಬಂದರೆ, ನಡುವೆ ಕಾರ್ಖಾನೆಯಲ್ಲಿ ಹಾಕಿದ್ದ ಸೀಲಂಟ್ ಒಣಗಿ ಪುಡಿಯಾಗಿದೆ ಎಂದರ್ಥ. ಇಡೀ ಜಾಯಿಂಟ್ ಬಿಚ್ಚಿ ಹೊಸ ಸೀಲಂಟ್ ಹಾಕುವುದು ಸರಿಯಾದ ಕೆಲಸ, ಆದರೆ ನೂರಾರು ರಿವೆಟ್ ತೆಗೆಯಬೇಕು. 14 ಅಡಿಯ ಮೀನುದೋಣಿಗೆ ಅಷ್ಟು ದೂರ ಹೋಗುವ ಅಗತ್ಯ ಕಡಿಮೆ. ಗ್ಲುವಿಟ್‌ನಂಥ ಎರಡು ಭಾಗದ, ಗಟ್ಟಿಯಾದ ಮೇಲೂ ತುಸು ಬಾಗುವ ಎಪಾಕ್ಸಿಯನ್ನು ಒಳಗಿನಿಂದ ಹಚ್ಚಿದರೆ ಸಾಕಾಗುತ್ತದೆ.

ಗೆಲ್ಲುವುದು ಸೋಲುವುದು ತಯಾರಿಯಲ್ಲಿ. ಹಳೆಯ ಬಣ್ಣ, ಕೆಸರು, ಬಿಳಿ ಪುಡಿ ಪೂರ್ತಿ ಹೋಗಬೇಕು. ಸ್ಟೇನ್‌ಲೆಸ್ ತಂತಿ ಬ್ರಷ್ ಬಳಸಿ. ಸಾದಾ ಉಕ್ಕಿನ ಬ್ರಷ್, ಸ್ಟೀಲ್ ವೂಲ್ ಎರಡೂ ಕಬ್ಬಿಣದ ಚೂರುಗಳನ್ನು ತಗಡಿನಲ್ಲಿ ಹುದುಗಿಸಿ ಹೊಸ ಕಿಲುಬಿಗೆ ಬೀಜ ಹಾಕುತ್ತವೆ. ಅಸಿಟೋನ್‌ನಿಂದ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ. ಜಾಯಿಂಟ್‌ನ ಸಂದಿಯಲ್ಲಿ ನೀರು ಕೂತಿರುತ್ತದೆ, ಹೀಟ್ ಗನ್‌ನಿಂದ ಕೈ ಮುಟ್ಟಲು ಆಗುವಷ್ಟು ಬೆಚ್ಚಗೆ ಮಾಡಿ ಒಣಗಿಸಿ. ತಗಡು ಇನ್ನೂ ಬೆಚ್ಚಗಿರುವಾಗಲೇ ಎಪಾಕ್ಸಿ ಹಚ್ಚಿದರೆ ತೆಳ್ಳಗಾಗಿ ಸಂದಿಗೆ ಇಳಿಯುತ್ತದೆ. ತಗಡು ತಣಿಯುವಾಗ ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತದೆ. ಅಸಿಟೋನ್ ಆವಿ ಪೂರ್ತಿ ಹೋಗುವ ಮುಂಚೆ ಹೀಟ್ ಗನ್ ಹಚ್ಚಬೇಡಿ, ಬೆಂಕಿ ಹತ್ತುತ್ತದೆ.

3ಎಂ ಕಂಪನಿಯ 5200ರಂಥ ಪಾಲಿಯುರೆಥೇನ್ ಸೀಲಂಟ್ ಅನ್ನು ಮುಂದೆಂದೂ ಬಿಚ್ಚದ ಜಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ಮೇಲೆ ಮುಟ್ಟುವಂತಾಗಲು ಎರಡು ದಿನ, ಪೂರ್ತಿ ಗಟ್ಟಿಯಾಗಲು ಐದರಿಂದ ಏಳು ದಿನ. ಮರುದಿನವೇ ನೀರಿಗಿಳಿಸುವ ಆತುರ ಬೇಡ. ಡ್ರೈನ್ ಕೊಳವೆ, ಪಂಪಿನ ಫಿಟ್ಟಿಂಗ್ ಮುಂತಾಗಿ ಮತ್ತೆ ತೆಗೆಯಬೇಕಾಗುವ ಜಾಗಕ್ಕೆ ಹಿಡಿತ ಕಡಿಮೆಯ 4200 ಸರಿ.

ಬಿರುಕು

ಬಿರುಕು ಎಲ್ಲೆಂದರಲ್ಲಿ ಬರುವುದಿಲ್ಲ. ಬಾಗುವ ತಗಡು ಬಾಗದ ಭಾಗವನ್ನು ಸೇರುವಲ್ಲಿ ಬರುತ್ತದೆ: ಅಡ್ಡಪಟ್ಟಿಯ ತುದಿ, ಸೀಟಿನ ಮೂಲೆ, ತಳವೂ ಪಕ್ಕದ ಗೋಡೆಯೂ ಸೇರುವ ಅಂಚು, ಟ್ರಾನ್ಸಮ್‌ನ ಕೆಳಮೂಲೆ. ಕೂದಲೆಳೆಯಷ್ಟು ಸಣ್ಣದಾದರೆ ಡೈ ಪೆನೆಟ್ರಂಟ್ ಕಿಟ್ ತನ್ನಿ. ಕೆಂಪು ದ್ರವ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕು ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಮುಖ್ಯವಾದದ್ದು ಅದರ ಎರಡು ತುದಿ ಎಲ್ಲಿ ಎಂಬುದು. ಪ್ರತಿ ತುದಿಯಲ್ಲಿ 3 ಮಿಲಿಮೀಟರ್ ತೂತು ಕೊರೆಯಿರಿ. ಚೂಪು ತುದಿಯಲ್ಲಿ ಸೇರುವ ಒತ್ತಡ ದುಂಡು ತೂತಿನಲ್ಲಿ ಹಂಚಿಹೋಗುತ್ತದೆ, ಬಿರುಕು ಅಲ್ಲಿಗೆ ನಿಲ್ಲುತ್ತದೆ. ತೂತು ತುದಿಗಿಂತ ಒಂದು ಕೂದಲೆಳೆ ಹಿಂದೆ ಬಿದ್ದರೂ ಪ್ರಯೋಜನವಿಲ್ಲ.

ಮೇಲೆ ತೇಪೆ ಹಾಕಬೇಕು. 5052 ತಗಡೇ ಆಗಲಿ, ಮೂಲದಷ್ಟೇ ದಪ್ಪ ಅಥವಾ ತುಸು ಹೆಚ್ಚು. ಬಿರುಕಿನ ಸುತ್ತ 4–5 ಸೆಂಟಿಮೀಟರ್ ಹೊರಚಾಚು, ಮೂಲೆಗಳು ದುಂಡಗೆ. ರಿವೆಟ್ ನಡುವೆ 20–25 ಮಿಲಿಮೀಟರ್ ಅಂತರ, ತೇಪೆಯ ಅಂಚಿನಿಂದ ಮೊದಲ ಸಾಲಿಗೆ ಕನಿಷ್ಠ 10 ಮಿಲಿಮೀಟರ್. ತೇಪೆಯ ಅಡಿಗೆ ಪೂರ್ತಿ ಸೀಲಂಟ್ ಬಳಿದು, ನಾಲ್ಕು ಮೂಲೆ ಮೊದಲು ಹಿಡಿದು ಆಮೇಲೆ ಉಳಿದ ರಿವೆಟ್ ಹಾಕಿ. ಬಿರುಕಿಗೆ ಕಾರಣವಾದ ಸಡಿಲ ಸೀಟು ಅಥವಾ ಮುರಿದ ಅಡ್ಡಪಟ್ಟಿಯನ್ನು ಸರಿಪಡಿಸದಿದ್ದರೆ ತೇಪೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ.

ಇಂಥ ತೆಳು ರಿವೆಟ್ ದೋಣಿಗೆ ವೆಲ್ಡಿಂಗ್ ಸಾಮಾನ್ಯವಾಗಿ ಬೇಡ ಎಂಬುದೇ ನಮ್ಮ ಅಭಿಪ್ರಾಯ. ಹಳೆಯ ತಗಡಿನ ಸಂದಿಯಲ್ಲಿ ಕೂತ ಎಣ್ಣೆ, ಸೀಲಂಟ್, ಆಕ್ಸೈಡ್ ಎಲ್ಲ ವೆಲ್ಡ್‌ಗೆ ಸೇರಿ ಗುಳ್ಳೆಯಾಗುತ್ತದೆ. ಬಿಸಿಗೆ ತಗಡು ಡೊಂಕಾಗುತ್ತದೆ. ವೆಲ್ಡ್‌ನ ಪಕ್ಕದ ಲೋಹ ಮೆತ್ತಗಾಗಿ ಅಲ್ಲೇ ಮತ್ತೆ ಸೀಳುತ್ತದೆ. ಸಾದಾ ಗ್ಯಾಸ್ ಟಾರ್ಚ್‌ನಲ್ಲಿ ಕರಗುವ ಅಲ್ಯೂಮಿನಿಯಂ ಬ್ರೇಜಿಂಗ್ ಕಡ್ಡಿ ಸುಮಾರು 390 ಡಿಗ್ರಿ ಸೆಲ್ಸಿಯಸ್‌ಗೆ ಹರಿಯುತ್ತದೆ, ಸೂಜಿಮೊನೆಯ ತೂತಿಗೆ ಆದೀತು. ಅಲ್ಯೂಮಿನಿಯಂ ಕರಗುವ ಮುನ್ನ ಕೆಂಪಾಗುವುದಿಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ ಎಂಬುದು ಗಮನದಲ್ಲಿರಲಿ.

ಕಿಲುಬು ಮತ್ತು ಗುಳಿ

ಅಲ್ಯೂಮಿನಿಯಂ ತನ್ನ ಮೈಮೇಲಿನ ಆಕ್ಸೈಡ್ ಪದರದಿಂದ ಬದುಕುತ್ತದೆ, ಆ ಪದರ ಉಳಿಯಲು ಗಾಳಿ ಬೇಕು. ಒದ್ದೆ ಕಾರ್ಪೆಟ್, ಎಲೆಗಸ, ನೆನೆದ ಫೋಮ್ ತಗಡಿಗೆ ಅಂಟಿ ಕೂತ ಕಡೆ ಗಾಳಿ ಸಿಗದೆ ಬಿಳಿ ಪುಡಿ ಏಳುತ್ತದೆ, ಅಡಿಯಲ್ಲಿ ಗುಳಿ ಬೀಳುತ್ತದೆ. ತಾಮ್ರ, ಹಿತ್ತಾಳೆ ಒದ್ದೆಯಲ್ಲಿ ತಗಡಿಗೆ ತಾಗಿದ್ದರೆ ಇನ್ನೂ ವೇಗ. ಅಡ್ಡಪಟ್ಟಿಯ ಸಂದಿಯಲ್ಲಿ ಬಿದ್ದ ಒಂದು ನಾಣ್ಯ, ಗಾಳದ ಒಂದು ಸೀಸದ ಗುಂಡು ತೂತು ಮಾಡಲು ಸಾಕು. ಹಿತ್ತಾಳೆಯ ಡ್ರೈನ್ ಕೊಳವೆಯ ಸುತ್ತಲೂ ನೋಡಿ.

ಗುಳಿ ಕಂಡಲ್ಲಿ ಪುಡಿ ಉಜ್ಜಿ ತೆಗೆದು ದಬ್ಬಣದಿಂದ ಒತ್ತಿ. ತಗಡು ತಡೆದರೆ ತೊಳೆದು, ಎಪಾಕ್ಸಿ ತುಂಬಿ ಬಿಡಬಹುದು. ದಬ್ಬಣ ಒಳಹೊಕ್ಕರೆ ತೇಪೆ. ರಾತ್ರಿ ದೋಣಿಯೊಳಗೆ ಬಲ್ಬ್ ಇಟ್ಟು ಹೊರಗಿನಿಂದ ನೋಡಿದರೆ ತಗಡನ್ನು ದಾಟಿದ ತೂತುಗಳೆಲ್ಲ ಬೆಳಕಿನ ಚುಕ್ಕಿಯಾಗಿ ಕಾಣುತ್ತವೆ.

ದೋಣಿಯಲ್ಲಿ ಬ್ಯಾಟರಿ ಇದ್ದರೆ ಇನ್ನೊಂದು ಪರೀಕ್ಷೆ. ಬ್ಯಾಟರಿಯ ನೆಗೆಟಿವ್‌ಗೂ ದೋಣಿಯ ಬರಿ ಲೋಹಕ್ಕೂ ಮಲ್ಟಿಮೀಟರ್ ಹಿಡಿದಾಗ 12 ವೋಲ್ಟ್ ತೋರಿಸಿದರೆ ಪಾಸಿಟಿವ್ ತಂತಿ ಎಲ್ಲೋ ಮೈಗೆ ತಾಗಿದೆ. ಬ್ಯಾಟರಿ ಬಿಚ್ಚಿ, ತಂತಿ ಹುಡುಕಿ ಸರಿಪಡಿಸುವ ತನಕ ನೀರಿಗಿಳಿಸಬೇಡಿ. ಹಾಗೆ ಬಿಟ್ಟರೆ ಉಪ್ಪುನೀರಿನಲ್ಲಿ ತಗಡು ಬಹುಬೇಗ ತಿಂದುಹೋಗುತ್ತದೆ. ಯಾವ ಉಪಕರಣಕ್ಕೂ ದೋಣಿಯ ಮೈಯನ್ನು ಮರಳಿ ಬರುವ ತಂತಿಯಾಗಿ ಬಳಸಬಾರದು, ಎರಡು ತಂತಿಯನ್ನೂ ಬ್ಯಾಟರಿವರೆಗೆ ಎಳೆಯಬೇಕು. ಫ್ಯೂಸ್ ಬ್ಯಾಟರಿಯಿಂದ 7 ಇಂಚಿನೊಳಗೆ.

ಟ್ರಾನ್ಸಮ್

ಎಂಜಿನ್ ತೂಗುವ ಹಿಂಬದಿ ಗೋಡೆಯಲ್ಲಿ ಅಲ್ಯೂಮಿನಿಯಂಗೆ ಒಳಗಿನಿಂದ ಪ್ಲೈವುಡ್ ಆಸರೆ ಇರುತ್ತದೆ, ಹೆಚ್ಚಾಗಿ ಒಂದೂವರೆ ಇಂಚು ದಪ್ಪ. ಬೋಲ್ಟ್ ತೂತುಗಳಿಂದ ನೀರು ಇಳಿದು ಅದು ಕೊಳೆಯುತ್ತದೆ. ಹೊರಗಿನಿಂದ ಬಣ್ಣ ಚೆನ್ನಾಗಿಯೇ ಕಾಣುತ್ತದೆ. ಸೋರಿಕೆಗಿಂತ ಇದು ಅಪಾಯಕಾರಿ, ಏಕೆಂದರೆ ಎಂಜಿನ್ನೇ ಕಳಚಿ ನೀರಿಗೆ ಹೋಗಬಹುದು.

ಎಂಜಿನ್‌ನ ಕೆಳಕಾಲನ್ನು ಹಿಡಿದು ಮೇಲೆ ಕೆಳಗೆ ಒತ್ತಿ, ಟ್ರಾನ್ಸಮ್‌ನ ಮೇಲಂಚು ನೋಡಿ. ಕಣ್ಣಿಗೆ ಕಾಣುವಂತೆ ಬಾಗಿದರೆ ಮರ ಹೋಗಿದೆ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಬನ್ನಿ, ಗಟ್ಟಿ ಮರ ಟಕ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ಅನುಮಾನ ಉಳಿದರೆ ಒಳಗಡೆಯಿಂದ ಕೆಳಭಾಗದಲ್ಲಿ 3 ಮಿಲಿಮೀಟರ್ ಬಿಟ್‌ನಿಂದ ಮರದಷ್ಟೇ ಆಳ ಕೊರೆಯಿರಿ. ತಿಳಿ ಬಣ್ಣದ ಒಣ ಹೊಟ್ಟು ಬಂದರೆ ಕ್ಷೇಮ. ಕಪ್ಪು, ಒದ್ದೆ, ನೆನೆದ ರಸ್ಕಿನಂಥ ಹಿಟ್ಟು ಬಂದರೆ ಬದಲಿಸಲೇಬೇಕು. ತೂತಿಗೆ ಎಪಾಕ್ಸಿ ಸುರಿದು ಗಟ್ಟಿ ಮಾಡುವ ಉಪಾಯಗಳನ್ನು ನಂಬಬೇಡಿ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ.

ಮೂಲೆಯ ಬಿಗಿಪಟ್ಟಿಗಳನ್ನು ಬಿಚ್ಚಿ ಹಳೆಯ ಮರವನ್ನು ಸಾಧ್ಯವಾದಷ್ಟು ಇಡಿಯಾಗಿ ಹೊರತೆಗೆಯಿರಿ, ಅದೇ ಹೊಸದಕ್ಕೆ ಅಚ್ಚು. 3/4 ಇಂಚಿನ ಎರಡು ಪ್ಲೈವುಡ್ ಹಲಗೆಗಳನ್ನು ಎಪಾಕ್ಸಿಯಿಂದ ಅಂಟಿಸಿ ಒತ್ತಿಟ್ಟರೆ ಒಂದೂವರೆ ಇಂಚು. ಮೆರೀನ್ ಪ್ಲೈ ಉತ್ತಮ, ಹೊರಬಳಕೆಯ ಅಂಟಿನ ಒಳ್ಳೆಯ ಪ್ಲೈ ಕೂಡ ನಡೆಯುತ್ತದೆ. ಹಸಿರು ಛಾಯೆಯ, ಒತ್ತಡದಲ್ಲಿ ಔಷಧಿ ತುಂಬಿದ ಮರವನ್ನು ಮಾತ್ರ ಮುಟ್ಟಬೇಡಿ. ಕೊಳೆಯುವುದಿಲ್ಲ ಎಂದು ಅಂಗಡಿಯವರು ಕೊಡುತ್ತಾರೆ, ನಿಜವೂ ಹೌದು. ಆದರೆ ಕೊಳೆಯದಂತೆ ತಡೆಯುವುದು ಅದರಲ್ಲಿರುವ ತಾಮ್ರ. 2004ರಿಂದೀಚೆಗೆ ಅಮೆರಿಕದಲ್ಲಿ ಮನೆಬಳಕೆಗೆ ಬಂದ ಬಗೆಗಳಲ್ಲಿ ಆ ತಾಮ್ರ ಹಿಂದಿಗಿಂತ ಹೆಚ್ಚು. ಒದ್ದೆಯಾದಾಗ ಅದು ತಗಡನ್ನು ತಿನ್ನುತ್ತದೆ. ಟ್ರೈಲರ್‌ನಲ್ಲಿ ದೋಣಿ ಕೂರುವ ಹಲಗೆಗಳಿಗೂ ಇದೇ ಮಾತು. ತಳಕ್ಕೆ ಪಾಚಿ, ಚಿಪ್ಪುಜೀವಿ ಅಂಟದಂತೆ ಹಚ್ಚುವ ತಾಮ್ರದ ಆಂಟಿಫೌಲಿಂಗ್ ಬಣ್ಣವನ್ನೂ ಇದೇ ಕಾರಣಕ್ಕೆ ಹಚ್ಚಬಾರದು.

ಬೋಲ್ಟ್ ತೂತು ಕೊರೆಯುವ ಕ್ರಮ ಹೀಗೆ: ಅರ್ಧ ಇಂಚಿನ ಬೋಲ್ಟ್ ಆದರೆ ಮೊದಲು ಮುಕ್ಕಾಲು ಇಂಚು ಕೊರೆದು, ದಪ್ಪ ಮಾಡಿದ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ನಡುವೆ ಅರ್ಧ ಇಂಚು ಕೊರೆಯಿರಿ. ಬೋಲ್ಟ್‌ಗೆ ಮರ ತಾಗುವುದೇ ಇಲ್ಲ, ಸೀಲಂಟ್ ಸೋತರೂ ಮರ ಒಣಗಿಯೇ ಇರುತ್ತದೆ. ಹಲಗೆಯ ಎಲ್ಲ ಮುಖಕ್ಕೂ ಮೂರು ಕೋಟ್ ಎಪಾಕ್ಸಿ, ಅಂಚುಗಳಿಗೆ ಇನ್ನೊಂದು ಹೆಚ್ಚು, ಏಕೆಂದರೆ ಪ್ಲೈ ನೀರು ಕುಡಿಯುವುದೇ ಅಂಚಿನಿಂದ. ಸ್ಟೇನ್‌ಲೆಸ್ ಬೋಲ್ಟ್‌ನ ತಲೆ, ವಾಷರ್, ಕಾಂಡ ಮೂರಕ್ಕೂ ಸೀಲಂಟ್ ಹಚ್ಚಿ ಅಲ್ಯೂಮಿನಿಯಂಗೆ ನೇರ ತಾಗದಂತೆ ಕೂರಿಸಿ.

ಫೋಮ್

ಸೀಟುಗಳ ಒಳಗಿರುವ ಫೋಮ್ ಅಲಂಕಾರಕ್ಕಲ್ಲ. 1978ರ ಆಗಸ್ಟ್‌ನಿಂದೀಚೆಗೆ ಅಮೆರಿಕದಲ್ಲಿ ತಯಾರಾದ 20 ಅಡಿಗಿಂತ ಚಿಕ್ಕ, 2 ಎಚ್‌ಪಿಗಿಂತ ಹೆಚ್ಚಿನ ಔಟ್‌ಬೋರ್ಡ್ (ಎಂಜಿನ್ ಹಿಂದೆ ಹೊರಗೆ ತೂಗುವ) ದೋಣಿಗಳು ನೀರು ತುಂಬಿದರೂ ಮಗುಚದೆ ಮಟ್ಟವಾಗಿ ತೇಲಬೇಕೆಂಬ ನಿಯಮವಿದೆ. ಒಂದು ಘನ ಅಡಿ ಒಣ ಫೋಮ್ ಸುಮಾರು 27 ಕಿಲೋ ಎತ್ತಿ ಹಿಡಿಯುತ್ತದೆ. ನೆನೆದದ್ದು ಆ ಕೆಲಸ ಮಾಡುವುದಿಲ್ಲ, ಮೇಲೆ ಭಾರವೂ ಆಗುತ್ತದೆ. ದೋಣಿ ಒಂದು ಕಡೆಗೆ ವಾಲುತ್ತಿದ್ದರೆ, ಸೋರಿಕೆ ಇಲ್ಲದೆಯೂ ಭಾರ ಎನಿಸಿದರೆ ಸೀಟಿನ ಮುಚ್ಚಳ ತೆಗೆದು, ತಳಕ್ಕೆ ಹತ್ತಿರದಿಂದ ಒಂದು ತುಂಡು ಕತ್ತರಿಸಿ ಹಿಂಡಿ. ನೀರು ಬಂದರೆ ಪೂರ್ತಿ ತೆಗೆಯಿರಿ. ತೆಗೆದಷ್ಟೇ ಗಾತ್ರವನ್ನು ಮತ್ತೆ ತುಂಬಬೇಕು. ಮನೆಯ ಗೋಡೆಗೆ ಶಾಖ ತಡೆಯಲು ಬಳಸುವ ಗಟ್ಟಿ ಎಕ್ಸ್‌ಪಿಎಸ್ (ಪಾಲಿಸ್ಟೈರೀನ್ ಫೋಮ್) ಹಾಳೆಗಳನ್ನು ಕತ್ತರಿಸಿ ಜೋಡಿಸಬಹುದು, ಆದರೆ ಪೆಟ್ರೋಲ್ ತಾಗಿದರೆ ಅದು ಕರಗುತ್ತದೆ. ಟ್ಯಾಂಕ್ ಇಡುವ ಹಿಂಬದಿ ಸೀಟಿಗೆ ಮುಚ್ಚಿದ ಕಣಗಳ ಪಾಲಿಯುರೆಥೇನೇ ಸರಿ. ಹಾಳೆಗಳ ಕೆಳಗೆ ನೀರು ಹಿಂಬದಿಗೆ ಹರಿಯಲು ಒಂದು ಬೆರಳಿನಷ್ಟು ಜಾಗ ಬಿಡಿ.

ಬಣ್ಣ, ಕೊನೆಯ ಪರೀಕ್ಷೆ

ಬಣ್ಣ ಕೊನೆಗೆ. ಕಾಸ್ಟಿಕ್ ಸೋಡ ಇರುವ ಯಾವ ಕ್ಲೀನರನ್ನೂ ಬಳಸಬೇಡಿ, ಅದು ಅಲ್ಯೂಮಿನಿಯಂ ಅನ್ನು ಕರಗಿಸಿ ಹೈಡ್ರೋಜನ್ ಬಿಡುತ್ತದೆ. ಬರಿ ಲೋಹ ಕಂಡ ಕಡೆ ಸ್ಕಾಚ್‌ಬ್ರೈಟ್‌ನಿಂದ ಒರಟು ಮಾಡಿ, ಒರೆಸಿ, ಅದೇ ದಿನ ಸೆಲ್ಫ್ ಎಚಿಂಗ್ ಪ್ರೈಮರ್ (ಲೋಹವನ್ನು ತುಸು ಕೊರೆದು ಹಿಡಿಯುವ ಮೊದಲ ಕೋಟ್) ಹಚ್ಚಿ. ರಾತ್ರಿ ಬಿಟ್ಟರೆ ಹೊಸ ಆಕ್ಸೈಡ್ ಕೂತು ಬಣ್ಣ ಹಾಳೆಯಂತೆ ಎದ್ದುಬರುತ್ತದೆ. ಬಣ್ಣ ಸೋರಿಕೆ ನಿಲ್ಲಿಸುತ್ತದೆ ಎಂದು ಎಣಿಸಬೇಡಿ.

ಎಲ್ಲ ಗಟ್ಟಿಯಾದ ಮೇಲೆ ಅದೇ ಸುಣ್ಣದ ಗೆರೆಯ ಪರೀಕ್ಷೆಯನ್ನು ಮೂರು ಹಂತದಲ್ಲಿ ಮಾಡಿ: ಖಾಲಿ ದೋಣಿ ಅರ್ಧ ಗಂಟೆ, ಫಲಕದಲ್ಲಿ ಹೇಳಿದ ಭಾರ ಹೊತ್ತು ಅರ್ಧ ಗಂಟೆ, ಎಂಜಿನ್ ಹಾಕಿ ಸಣ್ಣ ಅಲೆಯಲ್ಲಿ ದಡದ ಹತ್ತಿರ ಹದಿನೈದು ನಿಮಿಷ. ಲೈಫ್ ಜಾಕೆಟ್ ಮತ್ತು ನೀರೆತ್ತುವ ಬಕೆಟ್ ಜೊತೆಗಿರಲಿ. ಒಂದು ರಿವೆಟ್ ಇನ್ನೂ ತೇವ ತೋರಿಸಿದರೆ ಅದೊಂದನ್ನೇ ಬದಲಿಸಿ. ಚಳಿಗಾಲಕ್ಕೆ ನಿಲ್ಲಿಸುವಾಗ ಪ್ಲಗ್ ತೆಗೆದು ಮೂತಿ ಎತ್ತಿಡಿ. ಜಾಯಿಂಟ್‌ನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಶೇ. 9ರಷ್ಟು ಹಿಗ್ಗಿದರೆ ಬಿಗಿದ ತಗಡುಗಳನ್ನೇ ಬೇರ್ಪಡಿಸುತ್ತದೆ. ಮೇಲೆ ಹೊದಿಕೆ ಹಾಕುವುದಾದರೆ ನಡುವೆ ಕಂಬ ಕೊಟ್ಟು ಇಳಿಜಾರು ಮಾಡಿ, ಎರಡು ತುದಿಯಲ್ಲಿ ಗಾಳಿಗೆ ದಾರಿ ಬಿಡಿ.